ವಯಸ್ಸಾದ ಬೀದಿನಾಯಿ: ಕಿಡ್ನಿ ತೊಂದರೆ, ಸೋತ ಹಿಂಗಾಲು, ಕಡಿಮೆ ಪ್ಲೇಟ್‌ಲೆಟ್. ಮನೆಯಲ್ಲಿ ಆರೈಕೆ ಹೇಗೆ?

ಕೆಂಚಿ ಮನೆಯವರು (ವಿದ್ಯಾರಣ್ಯಪುರ)

ಎಲ್ಲರಿಗೂ ನಮಸ್ಕಾರ. ಬೀದಿಯಿಂದ ತಂದು ಸಾಕಿದ ಹೆಣ್ಣುನಾಯಿ, ಹೆಸರು ಕೆಂಚಿ. ಹಲ್ಲು ನೋಡಿ ಡಾಕ್ಟರು ಹೇಳಿದ ಲೆಕ್ಕದಲ್ಲಿ ವಯಸ್ಸು 12ರ ಆಸುಪಾಸು. ಸಂತಾನಹರಣ ಆಪರೇಷನ್ ಆಗಿದೆ. 21 ಕೆ.ಜಿ. ಇದ್ದವಳು ಈಗ 18. ಹಿಂದೆ ಟಿಕ್ ಫೀವರ್ (ಉಣ್ಣೆ ಹುಳು ಕಚ್ಚಿ ಬರುವ ಜ್ವರ) ಬಂದು ಹೋಗಿದೆ. ಈಗ ನೀರು ವಿಪರೀತ ಕುಡಿಯುತ್ತಾಳೆ, ರಾತ್ರಿ ಮೂತ್ರಕ್ಕೆ ಏಳುತ್ತಾಳೆ, ಬೆಳಗಿನ ಜಾವ ಹಳದಿ ನೊರೆ ವಾಂತಿ. ತಟ್ಟೆ ಮೂಸಿ ನೋಡಿ ಹಿಂದೆ ಸರಿಯುತ್ತಾಳೆ. ಹಿಂಗಾಲು ಸೋತಿವೆ, ಟೈಲ್ಸ್ ಮೇಲೆ ಏಳುವಾಗ ಜಾರುತ್ತವೆ.

ರಕ್ತದ ವರದಿ: ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) 3.4, ರಂಜಕ (ಫಾಸ್ಫರಸ್) 6.1, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) 28, ಪ್ಲೇಟ್‌ಲೆಟ್ 1.1 ಲಕ್ಷ. ಮೂತ್ರದ ಸಾಂದ್ರತೆ 1.011, ಯುಪಿಸಿ (ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯ ಅಳತೆ) 1.4. ಬಿಪಿ ನೋಡಿಲ್ಲ. ಎದೆಗೆ ಸ್ಟೆತ್ ಇಟ್ಟು "ಸಣ್ಣ ಮರ್ಮರ್ (ಹೃದಯದಲ್ಲಿ ಅಸಹಜ ಸದ್ದು) ಇದೆ" ಅಂದಿದ್ದಾರೆ. ವಾರಕ್ಕೆ ಮೂರು ದಿನ 200 ಮಿ.ಲೀ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ದ್ರಾವಣ) ಚರ್ಮದಡಿ ಮನೆಯಲ್ಲೇ ಹಾಕಿ ಎಂದು ಬರೆದುಕೊಟ್ಟಿದ್ದಾರೆ. ಊಟ ಇಲ್ಲಿಯವರೆಗೆ ರಾಗಿ ಮುದ್ದೆ, ಚಿಕನ್ ಲಿವರ್, ರಾತ್ರಿ ಮೊಸರನ್ನ. ಮನೆ ಮೊದಲ ಮಹಡಿಯಲ್ಲಿ.

ಕೇಳಬೇಕಿರುವುದು ಇಷ್ಟು: ಇಷ್ಟೆಲ್ಲ ಒಟ್ಟಿಗೆ ಇರುವಾಗ ಯಾವುದನ್ನು ಮೊದಲು ಹಿಡಿಯಬೇಕು? ಡ್ರಿಪ್ ಹಾಕುವುದು ಹೇಗೆ? ಊಟ ಏನು ಬದಲಾಯಿಸಬೇಕು? ಕಾಲು ನೋವಿಗೆ ಯಾವ ಮಾತ್ರೆ ಕೊಟ್ಟರೆ ಕಿಡ್ನಿಗೆ ಪೆಟ್ಟಾಗುವುದಿಲ್ಲ?


ಯಲಹಂಕ ಪಶುವೈದ್ಯ

ವರದಿ ಪೂರ್ತಿ ಹಾಕಿದ್ದು ಒಳ್ಳೆಯದಾಯಿತು. ಇಂಥ ನಾಯಿಗಳಲ್ಲಿ ದೊಡ್ಡ ಕಷ್ಟ ಏನೆಂದರೆ ಒಂದು ಕಾಯಿಲೆಯ ಮದ್ದು ಇನ್ನೊಂದಕ್ಕೆ ಮುಳುವಾಗುತ್ತದೆ. ಕಾಲು ನೋವಿನ ಮಾತ್ರೆ ಕಿಡ್ನಿ ಕೆಡಿಸುತ್ತದೆ, ಕಿಡ್ನಿಗೆಂದು ಹಾಕುವ ಡ್ರಿಪ್ ಸೋತ ಹೃದಯಕ್ಕೆ ಭಾರ. ಆದ್ದರಿಂದ ಪ್ರತಿ ಮದ್ದನ್ನೂ ಉಳಿದ ಕಾಯಿಲೆಗಳ ಎದುರು ಇಟ್ಟು ನೋಡಬೇಕು. ನಾನು ಕೊಡುವ ಡೋಸ್ ಲೆಕ್ಕ ನಿಮ್ಮ ಡಾಕ್ಟರ ಜೊತೆ ಮಾತಾಡುವುದಕ್ಕೆ, ನೇರವಾಗಿ ಅಂಗಡಿಯಿಂದ ತಂದು ಕೊಡುವುದಕ್ಕಲ್ಲ.

ಕ್ರಿಯಾಟಿನಿನ್ 2.9ರಿಂದ 5.0ರ ನಡುವೆ ಇದ್ದರೆ ಐರಿಸ್ (ಪ್ರಾಣಿಗಳ ಕಿಡ್ನಿ ಕಾಯಿಲೆಯ ಹಂತ ಅಳೆಯುವ ಪದ್ಧತಿ) ಲೆಕ್ಕದಲ್ಲಿ 3ನೇ ಹಂತ. ಆದರೆ ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ. 3 ಕೆ.ಜಿ. ಇಳಿದ ನಾಯಿಯಲ್ಲಿ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ಕಿಡ್ನಿ ರಕ್ತಪರೀಕ್ಷೆಗೆ ಈ ತೊಂದರೆ ಅಷ್ಟಿಲ್ಲ, ಸಾಧ್ಯವಾದರೆ ಒಮ್ಮೆ ಮಾಡಿಸಿ. ಹಂತ ನಿಗದಿ ಮಾಡುವುದು ಒಂದೇ ವರದಿಯಿಂದ ಅಲ್ಲ. ವಾಂತಿ ನಿಂತು, ಮೈಯಲ್ಲಿ ನೀರು ಸರಿಯಾದ ಮೇಲೆ ಇನ್ನೊಮ್ಮೆ ನೋಡಿ.

ನಿಮ್ಮ ವರದಿಯಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಯುಪಿಸಿ 1.4. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಎಂದು ಅರ್ಥ, 0.5 ದಾಟಿದರೆ ಚಿಕಿತ್ಸೆ ಬೇಕು. ಮೂತ್ರದಲ್ಲಿ ಸೋಂಕಿದ್ದರೂ ಈ ಅಂಕಿ ಏರುತ್ತದೆ, ಹಾಗಾಗಿ ಮೊದಲು ಮೂತ್ರದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ. ಕಲ್ಚರ್‌ಗೆ ಹೊಟ್ಟೆಯ ಮೂಲಕ ಸೂಜಿಯಿಂದ ತೆಗೆದ ಮೂತ್ರವೇ ಆಗಬೇಕು. ಆದರೆ ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದಾಗ ಸೂಜಿ ಹಾಕಲು ವೈದ್ಯರು ಹಿಂಜರಿಯಬಹುದು. ಯುಪಿಸಿಗೆ ಮನೆಯಲ್ಲಿ ಹಿಡಿದ ಮೂತ್ರ ಸಾಕು: ಬೆಳಗಿನ ಮೊದಲ ಮೂತ್ರ, ಉದ್ದ ಹಿಡಿಯ ಸ್ಟೀಲ್ ಸೌಟನ್ನು ಕುದಿಯುವ ನೀರಲ್ಲಿ ತೊಳೆದು ಒಣಗಿಸಿಟ್ಟುಕೊಂಡು, ಅವಳು ಕೂತು ಒಂದೆರಡು ಸೆಕೆಂಡ್ ಆದ ಮೇಲೆ ಹಿಂದಿನಿಂದ ಒಡ್ಡಿ. ಮೊದಲೇ ಒಡ್ಡಿದರೆ ಎದ್ದುಬಿಡುತ್ತಾಳೆ. ಲ್ಯಾಬಿಗೆ ಒಂದೆರಡು ಗಂಟೆಯೊಳಗೆ ಮುಟ್ಟಿಸಿ, ಇಲ್ಲವಾದರೆ ಫ್ರಿಜ್‌ನಲ್ಲಿಡಿ.

ಬಿಪಿ ನೋಡದೆ ಮುಂದೆ ಹೋಗಬೇಡಿ. ಕಿಡ್ನಿ ಕೆಟ್ಟ ನಾಯಿಗಳಲ್ಲಿ ಬಿಪಿ ಏರುವುದು ಸಾಮಾನ್ಯ, ಏರಿದ ಬಿಪಿ ಕಿಡ್ನಿಯನ್ನು ಇನ್ನಷ್ಟು ಹಾಳುಮಾಡುತ್ತದೆ. ಮೇಲಿನ ಅಂಕಿ 160 ದಾಟಿದರೆ ಔಷಧಿ ಬೇಕಾಗುತ್ತದೆ, 180 ದಾಟಿದರೆ ಕಣ್ಣು, ಮೆದುಳು, ಹೃದಯಕ್ಕೂ ಅಪಾಯ. ಬಿಪಿ ಏರಿ ಕಣ್ಣಿನ ರೆಟಿನಾ ಕಳಚಿಕೊಂಡರೆ ನಾಯಿ ಒಂದೇ ದಿನದಲ್ಲಿ ಕುರುಡಾಗಬಹುದು. ಪಾಪೆ ಅಗಲವಾಗಿ ತೆರೆದೇ ಇದ್ದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಅದು ಅವತ್ತೇ ಓಡಬೇಕಾದ ಲಕ್ಷಣ. ಬಿಪಿ ತೆಗೆಯುವ ರೀತಿಯೂ ಮುಖ್ಯ: ಕೋಣೆಯಲ್ಲಿ 5ರಿಂದ 10 ನಿಮಿಷ ನಾಯಿ ಸುಮ್ಮನೆ ಕೂತಿರಬೇಕು, ಪಟ್ಟಿಯ ಅಗಲ ಕಾಲಿನ ಅಥವಾ ಬಾಲದ ಸುತ್ತಳತೆಯ ಶೇ 40ರಷ್ಟಿರಬೇಕು, ಮೊದಲ ಅಂಕಿ ಬಿಟ್ಟು ಐದಾರು ಸಲದ ಸರಾಸರಿ ಹಿಡಿಯಬೇಕು. ಪಟ್ಟಿ ಕಿರಿದಾದರೆ ಸುಳ್ಳು ಬಿಪಿ ಬರುತ್ತದೆ.

ಪ್ರೋಟೀನ್ ಸೋರಿಕೆಗೆ ಟೆಲ್ಮಿಸಾರ್ಟನ್ ಕೆ.ಜಿ.ಗೆ 1 ಮಿ.ಗ್ರಾಂ. ದಿನಕ್ಕೊಮ್ಮೆ, ಅಂದರೆ ಕೆಂಚಿಗೆ 20 ಮಿ.ಗ್ರಾಂ. ಮಾತ್ರೆ ಒಂದು. ಬಿಪಿ ಬಹಳ ಏರಿದ್ದರೆ ಜೊತೆಗೆ ಆಮ್ಲೋಡಿಪಿನ್. ವಾಂತಿಯಾಗಿ ಮೈ ಒಣಗಿದ್ದಾಗ ಟೆಲ್ಮಿಸಾರ್ಟನ್ ಶುರು ಮಾಡಬಾರದು, ಕಿಡ್ನಿಗೆ ರಕ್ತದ ಒತ್ತಡ ಕುಸಿದು ಕ್ರಿಯಾಟಿನಿನ್ ಜಿಗಿಯುತ್ತದೆ. ಶುರುಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟಾಷಿಯಂ, ಬಿಪಿ ಮತ್ತೆ ನೋಡಬೇಕು. ಮಾತ್ರೆಯ ಹಾಳೆಯ ಮೇಲಿನ ಹೆಸರು ಓದಿ: ಟೆಲ್ಮಿಸಾರ್ಟನ್ ಜೊತೆ 'ಎಚ್' ಇದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿರುತ್ತದೆ, ಅದು ಬೇಡ.

ಪ್ಲೇಟ್‌ಲೆಟ್ 1.1 ಲಕ್ಷ ಎಂದು ಯಂತ್ರ ಹೇಳಿದ್ದನ್ನು ನಂಬುವ ಮೊದಲು ಸ್ಲೈಡ್ ನೋಡಿಸಿ. ರಕ್ತ ತೆಗೆಯುವಾಗ ಪ್ಲೇಟ್‌ಲೆಟ್ ಗುಂಪುಗಟ್ಟಿದರೆ ಯಂತ್ರಕ್ಕೆ ಎಣಿಸಲು ಬರುವುದಿಲ್ಲ. ನಿಜವಾಗಿಯೂ ಕಡಿಮೆ ಇದ್ದರೆ ಹಳೆಯ ಎರ್ಲಿಕಿಯಾ (ಟಿಕ್ ಫೀವರ್ ತರುವ ರೋಗಾಣು) ಒಳಗೇ ಉಳಿದಿರುವ ಸಾಧ್ಯತೆ ಇದೆ. ದೀರ್ಘಕಾಲದ ಎರ್ಲಿಕಿಯಾ ಕಿಡ್ನಿಯ ಜರಡಿಯನ್ನೇ ಕೆಡಿಸಿ ಪ್ರೋಟೀನ್ ಸೋರುವಂತೆ ಮಾಡುತ್ತದೆ, ಆಗ ನೀವು ಎರಡು ಎಂದುಕೊಂಡ ಕಾಯಿಲೆ ಒಂದೇ ಇರಬಹುದು. ಸ್ಥಳದಲ್ಲೇ ಮಾಡುವ ಕಿಟ್ ಪ್ರತಿಕಾಯ ಮಾತ್ರ ತೋರಿಸುತ್ತದೆ, ಗುಣವಾದ ಮೇಲೂ ಬಹಳ ಕಾಲ ಪಾಸಿಟಿವ್ ಬರುತ್ತದೆ. ರೋಗಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ, ಅದರಲ್ಲಿ ಉಣ್ಣೆಯಿಂದ ಹರಡುವ ಇನ್ನೊಂದು ರೋಗಾಣು ಬಬೇಸಿಯಾ ಗಿಬ್ಸೋನಿಯೂ ಸೇರಿರಲಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಕೆ.ಜಿ.ಗೆ 10 ಮಿ.ಗ್ರಾಂ. ದಿನಕ್ಕೆ, 28 ದಿನ. ಹತ್ತು ದಿನಕ್ಕೆ ಚುರುಕಾದಳು ಎಂದು ನಿಲ್ಲಿಸಬಾರದು. ಬಬೇಸಿಯಾ ಗಿಬ್ಸೋನಿಗೆ ಡಾಕ್ಸಿ ಒಂದೇ ಸಾಲದು, ಅದರ ಚಿಕಿತ್ಸೆಯೇ ಬೇರೆ.

ಯಾವುದು ಮೊದಲು ಎಂದು ಕೇಳಿದಿರಿ. ಓಕರಿಕೆ ನಿಲ್ಲಿಸುವುದು ಮೊದಲು. ಊಟ ಹೊಟ್ಟೆಗೆ ಇಳಿಯದೆ ಉಳಿದದ್ದು ಯಾವುದೂ ನಡೆಯುವುದಿಲ್ಲ. ತುಟಿ ನೆಕ್ಕುವುದು, ಜೊಲ್ಲು ಸುರಿಸುವುದು, ಬಾಯಲ್ಲಿ ಏನೂ ಇಲ್ಲದೆ ನುಂಗುವುದು, ಹುಲ್ಲು ಹುಡುಕುವುದು ಎಲ್ಲ ಓಕರಿಕೆಯೇ. ಮರೋಪಿಟಂಟ್ ಅಥವಾ ಒಂಡಾನ್ಸೆಟ್ರಾನ್ ಕೇಳಿ. ಆಮೇಲೆ ಬಿಪಿ ಮತ್ತು ಪ್ರೋಟೀನ್, ಆಮೇಲೆ ರಂಜಕ. ಕಾಲಿನ ಮ್ಯಾಟು, ಹಾಸಿಗೆಗೆ ಯಾರ ಅಪ್ಪಣೆಯೂ ಬೇಡ, ಇವತ್ತೇ ಮಾಡಬಹುದು.


ನಾಗರಬಾವಿ 18

ಚರ್ಮದಡಿ ಡ್ರಿಪ್ ವಿಚಾರ ನಾನು ಬರೆಯುತ್ತೇನೆ, ಕ್ಲಿನಿಕ್‌ನಲ್ಲಿ ಅವಸರದಲ್ಲಿ ಹೇಳಿಕೊಡುವಾಗ ಅರ್ಧ ಬಿಟ್ಟುಹೋಗುತ್ತದೆ.

ಬೇಕಾದದ್ದು: ರಿಂಗರ್ ಲ್ಯಾಕ್ಟೇಟ್ 500 ಮಿ.ಲೀ. ಬಾಟಲಿ, ಐವಿ ಸೆಟ್, 18 ನಂಬರ್ ಸೂಜಿ, ಸ್ಪಿರಿಟ್, ಹತ್ತಿ. ಮೆಡಿಕಲ್ ಸ್ಟೋರ್‌ನಲ್ಲಿ ಆರ್‌ಎಲ್ ಇಲ್ಲ, ಗ್ಲುಕೋಸ್ ಬಾಟಲಿ ಇದೆ ಎಂದು ಕೊಟ್ಟರೆ ತರಬೇಡಿ. ಡೆಕ್ಸ್‌ಟ್ರೋಸ್ ಚರ್ಮದಡಿಗೆ ಹಾಕುವುದಲ್ಲ. ಉರಿ, ಊತ, ಕೀವು ಎಲ್ಲ ಆಗುತ್ತದೆ. ಸೂಜಿ 22 ನಂಬರ್ ಸಣ್ಣದು, ನೋವು ಕಡಿಮೆ ಎಂದು ಅನ್ನಿಸಬಹುದು. ಆದರೆ ನೀರು ಹನಿ ಹನಿ ಇಳಿದು ಅರ್ಧ ಗಂಟೆ ನಾಯಿಯನ್ನು ಕೂರಿಸಬೇಕಾಗುತ್ತದೆ. 18ರಲ್ಲಿ 200 ಮಿ.ಲೀ. ಹತ್ತು ನಿಮಿಷದ ಒಳಗೆ ಮುಗಿಯುತ್ತದೆ.

ಬಾಟಲಿಯನ್ನು ಬಕೆಟ್‌ನ ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟು ಮೈಬಿಸಿಗೆ ತನ್ನಿ, ಮುಂಗೈ ಒಳಬದಿಗೆ ತಾಗಿಸಿದರೆ ಬಿಸಿಯೂ ತಣ್ಣಗೂ ಅನ್ನಿಸಬಾರದು. ತಣ್ಣನೆಯ ನೀರು ಒಳಗೆ ಹೋದಾಗಲೇ ಬಹಳ ನಾಯಿಗಳು ಎದ್ದು ಓಡುವುದು. ಮೈಕ್ರೋವೇವ್ ಬೇಡ, ಒಂದು ಕಡೆ ಕುದಿದು ಇನ್ನೊಂದು ಕಡೆ ತಣ್ಣಗಿರುತ್ತದೆ. ಮಾರ್ಕರ್‌ನಲ್ಲಿ ಈಗಿನ ಮಟ್ಟಕ್ಕೊಂದು ಗೆರೆ, 200 ಕೆಳಗೆ ಇನ್ನೊಂದು ಗೆರೆ ಹಾಕಿ. ಸೆಟ್ ಚುಚ್ಚಿ, ಚೇಂಬರ್ ಅರ್ಧ ತುಂಬಿಸಿ, ಕೊಳವೆಯ ಗಾಳಿಯೆಲ್ಲ ಹೊರಗೆ ಬರುವವರೆಗೆ ನೀರು ಬಿಟ್ಟು ಕ್ಲಾಂಪ್ ಮುಚ್ಚಿ. ಕಿಟಕಿ ಸರಳಿಗೆ ಅಥವಾ ಪರದೆ ರಾಡಿಗೆ ತೂಗುಹಾಕಿ, ನಾಯಿಯ ಬೆನ್ನಿಗಿಂತ ಮೂರು ನಾಲ್ಕು ಅಡಿ ಮೇಲಿರಲಿ.

ಕೆಂಚಿಯನ್ನು ಅವಳ ಹಾಸಿಗೆಯ ಮೇಲೆ, ನಿಮ್ಮ ಎಡಕ್ಕೆ ಅವಳ ತಲೆ ಬರುವಂತೆ ಮಲಗಿಸಿ. ಭುಜದ ಮೂಳೆಗಳ ನಡುವಿನ ಸಡಿಲ ಚರ್ಮವನ್ನು ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಎತ್ತಿದರೆ ಪುಟ್ಟ ಗುಡಾರದಂತೆ ನಿಲ್ಲುತ್ತದೆ, ಬಾಲದ ಕಡೆಗೆ ಒಂದು ಬಾಯಿ ತೆರೆದುಕೊಳ್ಳುತ್ತದೆ. ಸೂಜಿಯ ಸೀಳು ಮೇಲಕ್ಕಿರಲಿ. ಆ ಬಾಯಿಯೊಳಕ್ಕೆ, ಬೆನ್ನಿಗೆ ಸಮನಾಗಿ, ಒಂದೇ ಸಲಕ್ಕೆ ತೂರಿಸಿ. ನಿಧಾನವಾಗಿ ಒತ್ತಿದರೇ ನೋವು ಜಾಸ್ತಿ. ಕ್ಲಾಂಪ್ ಬಿಟ್ಟ ಮೇಲೆ ಕೈಗೆ ಒದ್ದೆ ಅನ್ನಿಸಿದರೆ ಸೂಜಿ ಆ ಬದಿಯಿಂದ ಹೊರಗೆ ಬಂದಿದೆ. ನೀರು ಇಳಿಯದೆ ನಿಂತರೆ ಸೂಜಿಯನ್ನು ಕಾಲು ತಿರುವು ತಿರುಗಿಸಿ, ಅಥವಾ ಚೂರು ಹಿಂದಕ್ಕೆ ಎಳೆಯಿರಿ. ತುದಿ ಚರ್ಮಕ್ಕೋ ಮಾಂಸಕ್ಕೋ ಒತ್ತಿಕೊಂಡಿರುತ್ತದೆ.

ಮುಗಿದ ಮೇಲೆ ಸೂಜಿ ತೆಗೆದು ಆ ಜಾಗವನ್ನು ಒಂದು ನಿಮಿಷ ಚಿವುಟಿ ಹಿಡಿಯಿರಿ. ಒಂದೆರಡು ಹನಿ ಗುಲಾಬಿ ನೀರು ಸೋರಿದರೆ ಭಯ ಬೇಡ. ಕೆಂಚಿಯ ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯುವುದು ಒಳ್ಳೆಯದು. ಬೆನ್ನ ಮೇಲೆ ನೀರಿನ ಗಂಟು ನಿಲ್ಲುತ್ತದೆ, ಆಮೇಲೆ ಮುಂಗಾಲಿನ ಕಡೆಗೆ ಜಾರಿ ಕಾಲು ಊದಿದ ಹಾಗೆ ಕಾಣುತ್ತದೆ. ಆರೆಂಟು ಗಂಟೆಯಲ್ಲಿ ಹೀರಿಕೊಳ್ಳಬೇಕು. ಮುಂದಿನ ಡ್ರಿಪ್ ಹೊತ್ತಿಗೂ ಗಂಟು ಇದ್ದರೆ ಹೊಸದಾಗಿ ಹಾಕಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಸೂಜಿ ಪ್ರತಿ ಸಲ ಹೊಸದು, ಸೆಟ್ ಪ್ರತಿ ಬಾಟಲಿಗೆ ಹೊಸದು. ಬಾಟಲಿಯಲ್ಲಿ ಮಬ್ಬು ಅಥವಾ ದಾರದಂಥದ್ದು ಕಂಡರೆ ಚೆಲ್ಲಿಬಿಡಿ. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಕೂಡಿಟ್ಟು ಕ್ಲಿನಿಕ್‌ಗೇ ವಾಪಸ್ ಕೊಡಿ. ಕಸದ ಗಾಡಿಗೆ ಹಾಕಿದರೆ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಮರ್ಮರ್ ಇದೆ ಅಂದಿದ್ದೀರಿ. ಹಾಗಾದರೆ ದಿನಾ ರಾತ್ರಿ ಅವಳು ಗಾಢ ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿ: ಎದೆ ಏರಿ ಇಳಿದರೆ ಒಂದು, 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. 30ರ ಒಳಗೆ ಇರಬೇಕು. ಡ್ರಿಪ್ ಶುರುವಾದ ಮೇಲೆ ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಅಥವಾ 30 ದಾಟಿದರೆ, ಡ್ರಿಪ್ ನಿಲ್ಲಿಸಿ ತೋರಿಸಿ. ಶ್ವಾಸಕೋಶಕ್ಕೆ ನೀರು ತುಂಬುವುದನ್ನು ಇಷ್ಟು ಬೇಗ ಹೇಳುವ ಲಕ್ಷಣ ಮನೆಯಲ್ಲಿ ಬೇರೆ ಇಲ್ಲ.


ಸೌತೆಂಡ್ ಸರ್ಕಲ್

ಊಟದ ಬಗ್ಗೆ. ಮೊದಲು ಲಿವರ್ ನಿಲ್ಲಿಸಿ, ಅದರಲ್ಲಿ ರಂಜಕ ಬಹಳ. ಮೂಳೆ, ಮೂಳೆ ಸಾರು, ಹಳದಿ ಲೋಳೆ, ಚೀಸ್, ಪನೀರ್ ಕೂಡ ಅದೇ ಸಾಲಿಗೆ. ರಾಗಿ ಬಗ್ಗೆ ಬೇಸರವಾಗಬಹುದು, ನಮ್ಮ ಕಡೆ ನಾಯಿಗೆ ಮುದ್ದೆಗಿಂತ ಒಳ್ಳೆಯದಿಲ್ಲ ಎಂಬ ನಂಬಿಕೆ ಇದೆ. ಆರೋಗ್ಯವಂತ ನಾಯಿಗೆ ಸರಿ. ಆದರೆ ಪಾಲಿಶ್ ಮಾಡಿದ ಅಕ್ಕಿಗೆ ಹೋಲಿಸಿದರೆ ರಾಗಿಯಲ್ಲಿ ರಂಜಕ ಸುಮಾರು ಎರಡು ಪಟ್ಟು, ಪೊಟಾಷಿಯಂ ಕೂಡ ಜಾಸ್ತಿ. ಧಾನ್ಯದ ರಂಜಕ ಪೂರ್ತಿ ಮೈಗೆ ಹತ್ತುವುದಿಲ್ಲ ಎನ್ನುವುದು ನಿಜ, ಆದರೂ 6.1 ಇರುವ ನಾಯಿಗೆ ಬಿಳಿ ಅನ್ನವೇ ವಾಸಿ. 3ನೇ ಹಂತದಲ್ಲಿ ರಂಜಕ 5.0ರ ಕೆಳಗೆ ತರುವುದು ಗುರಿ.

ಸಿದ್ಧ ಆಹಾರ ತಿಂದರೆ ಅದೇ ಸುಲಭ: ರಾಯಲ್ ಕ್ಯಾನಿನ್ ರೀನಲ್, ಹಿಲ್ಸ್ ಕೆ/ಡಿ, ಫಾರ್ಮಿನಾ ವೆಟ್ ಲೈಫ್ ರೀನಲ್ ಇವು ಬೆಂಗಳೂರಲ್ಲಿ ಸಿಗುತ್ತವೆ. ಈಗಲೇ ಶುರು ಮಾಡಬೇಡಿ. ಓಕರಿಕೆ ಇರುವಾಗ ಹೊಸ ಊಟ ಇಟ್ಟರೆ ನಾಯಿ ಆ ವಾಸನೆಗೂ ಹೊಟ್ಟೆ ತೊಳಸುವುದಕ್ಕೂ ನಂಟು ಕಟ್ಟಿಬಿಡುತ್ತದೆ, ಆಮೇಲೆ ಹುಷಾರಾದರೂ ಆ ಚೀಲ ಮುಟ್ಟುವುದಿಲ್ಲ. ವಾಂತಿ ನಿಂತ ಮೇಲೆ ಹಳೆಯ ಊಟದಲ್ಲಿ ಕಾಲು ಭಾಗ ಬೆರೆಸಿ, ಹತ್ತು ಹದಿನಾಲ್ಕು ದಿನದಲ್ಲಿ ಪೂರ್ತಿ ಬದಲಾಯಿಸಿ. ಬಿಸಿನೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ವಾಸನೆ ಏಳುತ್ತದೆ, ವಯಸ್ಸಾದ ಮೂಗಿಗೆ ಅದು ಬೇಕು.

ಮನೆ ಊಟವೇ ಆಗಬೇಕೆಂದರೆ 18 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 750 ಕ್ಯಾಲೊರಿ ಬೇಕು. ಬೆಂದ ಅನ್ನ 350 ಗ್ರಾಂ, ಬೆಂದ ಮೂಳೆಯಿಲ್ಲದ ಚಿಕನ್ 70 ಗ್ರಾಂ, ಎರಡು ಮೊಟ್ಟೆಯ ಬಿಳಿ ಭಾಗ ಬೇಯಿಸಿದ್ದು, ಒಂದು ದೊಡ್ಡ ಚಮಚ ಎಣ್ಣೆ. ಇದನ್ನು ದಿನಕ್ಕೆ ಮೂರು ನಾಲ್ಕು ಸಲ ಹಂಚಿ. ಕೊನೆಯ ತುತ್ತು ರಾತ್ರಿ ಮಲಗುವ ಮುಂಚೆ ಕೊಟ್ಟರೆ ಬೆಳಗಿನ ಹಳದಿ ವಾಂತಿ ಎಷ್ಟೋ ಕಡಿಮೆಯಾಗುತ್ತದೆ, ಖಾಲಿ ಹೊಟ್ಟೆಗೆ ಪಿತ್ತ ಬಂದು ಆಗುವ ವಾಂತಿ ಅದು. ಚಿಕನ್ ಬೇಯಿಸಿದ ನೀರು ಚೆಲ್ಲಿ, ಅದರಲ್ಲಿ ರಂಜಕ ಇಳಿದಿರುತ್ತದೆ. ರುಚಿಗೆಂದು ಅದನ್ನೇ ಅನ್ನಕ್ಕೆ ಕಲಸಿದರೆ ಮಾಡಿದ್ದೆಲ್ಲ ವ್ಯರ್ಥ. ಉಪ್ಪು ಬೇಡ. ಮೊಸರು ಎರಡು ಚಮಚ ಪರಿಮಳಕ್ಕೆ ಸಾಕು, ಬಟ್ಟಲುಗಟ್ಟಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಹನಿಯೂ ಬೇಡ, ಪಿಸಿವಿ 28 ಇರುವಾಗ ಕೆಂಪು ರಕ್ತಕಣ ಒಡೆಯುವ ಪದಾರ್ಥ ಹತ್ತಿರವೂ ಬರಬಾರದು. ಪಾಯಸದ ದ್ರಾಕ್ಷಿ ಕಿಡ್ನಿಗೆ ನೇರ ವಿಷ.

ಈ ಊಟದಲ್ಲಿ ಕ್ಯಾಲ್ಸಿಯಂ ಕೊರತೆ ಇರುತ್ತದೆ. ತೊಳೆದು ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಮೊಟ್ಟೆ ಚಿಪ್ಪಿನ ಪುಡಿ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಸಾಕು. ಅಂಗಡಿಯ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಡಿ3 ಸೇರಿರುತ್ತದೆ, ಕಿಡ್ನಿ ನಾಯಿಗೆ ಅದನ್ನು ಕೇಳದೆ ಕೊಡಬಾರದು. ಸತು, ವಿಟಮಿನ್ ಇ, ಅಯೋಡಿನ್ ಕೂಡ ಈ ಊಟದಲ್ಲಿ ಸಾಲುವುದಿಲ್ಲ, ತಿಂಗಳುಗಟ್ಟಲೆ ನಡೆಸುವುದಾದರೆ ಯಾವ ಮಿಶ್ರಣ ಸೇರಿಸಬೇಕು ಎಂದು ವೈದ್ಯರಿಂದ ಬರೆಸಿಕೊಳ್ಳಿ. ಮೀನೆಣ್ಣೆ ಒಂದು ಕ್ಯಾಪ್ಸೂಲ್‌ನಿಂದ ಶುರು ಮಾಡಬಹುದು, ಕೀಲಿಗೂ ಕಿಡ್ನಿಗೂ ಒಳ್ಳೆಯದು.


ಯಲಹಂಕ ಪಶುವೈದ್ಯ

ಮೇಲಿನ ಬರಹಕ್ಕೆ ಎರಡು ಸೇರ್ಪಡೆ. ಮೀನೆಣ್ಣೆ ಎಂದರೆ ಒಮೆಗಾ 3 ಇರುವ ಮೀನಿನ ಮೈ ಎಣ್ಣೆ. ಕಾಡ್ ಲಿವರ್ ಎಣ್ಣೆಯಲ್ಲಿ ಎ ಮತ್ತು ಡಿ ಜಾಸ್ತಿ, ಅದು ಬೇಡ. ಊಟ ಬದಲಾಯಿಸಿ ತಿಂಗಳಾದರೂ ರಂಜಕ ಇಳಿಯದಿದ್ದರೆ ಅದನ್ನು ಹಿಡಿದಿಡುವ ಔಷಧಿ ಬೇಕಾಗುತ್ತದೆ: ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್ ಇಂಥವು. ಊಟಕ್ಕೇ ಕಲಸಿ ಕೊಡಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ಹಿಡಿಯಲು ಅಲ್ಲಿ ರಂಜಕವೇ ಇರುವುದಿಲ್ಲ. ಕ್ಯಾಲ್ಸಿಯಂ ಅಸಿಟೇಟ್ ಕೊಡುವುದಾದರೆ ಮೊಟ್ಟೆ ಚಿಪ್ಪಿನ ಪುಡಿಯ ಲೆಕ್ಕ ಬದಲಾಗುತ್ತದೆ.

ಈಗ ನೋವು. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್ ಗುಂಪಿನವು ಕೀಲು ನೋವಿಗೆ ಒಳ್ಳೆಯ ಔಷಧಿಗಳೇ, ಆದರೆ ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲು ಬೇಕಾದ ಪ್ರೊಸ್ಟಾಗ್ಲಾಂಡಿನ್‌ಗಳನ್ನೂ ಅವು ತಡೆಯುತ್ತವೆ. 3ನೇ ಹಂತದ ಕಿಡ್ನಿ, ಆಗಾಗ ವಾಂತಿ, ಮೇಲೆ ಟೆಲ್ಮಿಸಾರ್ಟನ್: ಈ ಮೂರರ ಜೊತೆ ಅವನ್ನು ನಾನು ಕೊಡುವುದಿಲ್ಲ. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಕಾಂಬಿನೇಷನ್‌ಗಳಂತೂ ಮನೆಯ ಔಷಧಿ ಡಬ್ಬದಿಂದ ತೆಗೆದು ಕೊಡುವ ಮಾತೇ ಇಲ್ಲ.

ಅವುಗಳ ಬದಲು ನೋವಿಗೆ ಗ್ಯಾಬಾಪೆಂಟಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ ಕೆಂಚಿಯ ತೂಕಕ್ಕೆ ಶುರು ಮಾಡುವ ಡೋಸ್. ಇದು ಕಿಡ್ನಿ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ನಾಯಿಯಲ್ಲಿ ಕಡಿಮೆಯಿಂದ ಹತ್ತಬೇಕು. ಮೊದಲ ಎರಡು ಮೂರು ದಿನ ತೂಕಡಿಕೆ, ಹಿಂಗಾಲು ತೂರಾಡುವುದು ಇರುತ್ತದೆ, ಆಮೇಲೆ ಹೊಂದಿಕೊಳ್ಳುತ್ತಾಳೆ. ಆ ದಿನಗಳಲ್ಲಿ ಮೆಟ್ಟಿಲು ಇಳಿಸುವಾಗ ಕೈ ಬಿಡಬೇಡಿ. ಅಂಗಡಿಯಲ್ಲಿ ಕೊಡುವಾಗ ಬರೀ ಗ್ಯಾಬಾಪೆಂಟಿನ್ ಎಂದು ಒತ್ತಿ ಹೇಳಿ. ನಾರ್ಟ್ರಿಪ್ಟಿಲಿನ್ ಸೇರಿದ ಮಾತ್ರೆ ನಮ್ಮಲ್ಲಿ ಬಹಳ ಓಡುತ್ತದೆ, ಮರ್ಮರ್ ಇರುವ ನಾಯಿಗೆ ಅದು ಬೇಡ. ಸಿರಪ್ ರೂಪದಲ್ಲಿ ಕೊಟ್ಟರೆ ಜೈಲಿಟಾಲ್ ಎಂಬ ಸಿಹಿ ಪದಾರ್ಥ ಇದೆಯೇ ಎಂದು ಲೇಬಲ್ ಓದಿ, ನಾಯಿಗೆ ಅದು ವಿಷ. ತಿಂಗಳುಗಟ್ಟಲೆ ಕೊಟ್ಟ ಮೇಲೆ ಒಮ್ಮೆಗೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು.

ಹಿಂಗಾಲಿನ ಸೋಲು ಬರೀ ಕೀಲಿನದೋ ನರದ್ದೋ ಎಂದು ಮನೆಯಲ್ಲೇ ಸ್ವಲ್ಪ ಅಂದಾಜು ಮಾಡಬಹುದು. ಅವಳು ನಿಂತಿರುವಾಗ ಹೊಟ್ಟೆಗೆ ಕೈಕೊಟ್ಟು, ಒಂದು ಹಿಂಗಾಲಿನ ಪಾದವನ್ನು ಮಡಿಸಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ತಕ್ಷಣ ತಿರುಗಿಸಿಕೊಳ್ಳಬೇಕು. ಹಾಗೇ ಬಿಟ್ಟು ನಿಂತರೆ, ಅಥವಾ ಹಿಂಗಾಲಿನ ಉಗುರುಗಳ ಮೇಲ್ಭಾಗ ಸವೆದಿದ್ದರೆ, ಬೆನ್ನುಹುರಿಯ ತೊಂದರೆ ಇರಬಹುದು. ನಿನ್ನೆ ನಡೆದ ನಾಯಿ ಇವತ್ತು ಹಿಂಗಾಲು ಎಳೆಯುತ್ತಿದ್ದರೆ ಅದು ತುರ್ತು.


ಕೆಂಚಿ ಮನೆಯವರು (ವಿದ್ಯಾರಣ್ಯಪುರ)

ಎಲ್ಲರಿಗೂ ತುಂಬಾ ಧನ್ಯವಾದ. ಪಾದ ಮಡಿಸಿ ನೋಡಿದೆ, ತಕ್ಷಣ ತಿರುಗಿಸಿಕೊಂಡಳು. ಬಿಪಿ ಮತ್ತು ಸ್ಕ್ಯಾನ್‌ಗೆ ಎಲ್ಲಿ ಹೋಗುವುದು ಅನುಕೂಲ? ಇನ್ನೊಂದು, ರಾತ್ರಿ 2 ಗಂಟೆ ಹೊತ್ತಿಗೆ ಎದ್ದು ಮನೆಯೆಲ್ಲ ಸುತ್ತುತ್ತಾಳೆ, ಮೂಲೆಯಲ್ಲಿ ಹೋಗಿ ನಿಂತುಬಿಡುತ್ತಾಳೆ. ದೀಪಾವಳಿ ಪಟಾಕಿಗೆ ಏನು ಮಾಡುವುದು ಎಂಬ ಯೋಚನೆಯೂ ಇದೆ.


ಹೂವಿನ ಹಡಗಲಿ ಟು ಹೆಬ್ಬಾಳ

ವಿದ್ಯಾರಣ್ಯಪುರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಬೋಧನಾ ಆಸ್ಪತ್ರೆಯಾದ್ದರಿಂದ ಬೇರೆ ಬೇರೆ ವಿಭಾಗದವರು ಒಂದೇ ಆವರಣದಲ್ಲಿ ಸಿಗುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಹಳೆಯ ವರದಿಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಟ್ಟುಕೊಂಡು, ಕೊಡುತ್ತಿರುವ ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ಸರದಿಯಲ್ಲಿ ಕಾಯುವಾಗ ಬೇರೆ ನಾಯಿಗಳಿಂದ ದೂರ, ಸಾಧ್ಯವಾದರೆ ಗಾಡಿಯಲ್ಲೇ ಇಟ್ಟುಕೊಳ್ಳಿ. ಗಾಬರಿಯಾದ ನಾಯಿಯ ಬಿಪಿ ಹೇಗೂ ಮೇಲೇ ತೋರಿಸುತ್ತದೆ.

ಮನೆಯ ವಿಷಯಕ್ಕೆ ಬಂದರೆ ಮೊದಲ ವೈರಿ ಟೈಲ್ಸ್. ಅವಳು ನಡೆಯುವ ದಾರಿ ಗಮನಿಸಿ: ಹಾಸಿಗೆಯಿಂದ ನೀರಿಗೆ, ನೀರಿಂದ ಬಾಗಿಲಿಗೆ. ಆ ದಾರಿಗೆ ಮಾತ್ರ ಕೆಳಗೆ ರಬ್ಬರ್ ಇರುವ ಉದ್ದ ಮ್ಯಾಟ್ ಅಥವಾ ಯೋಗ ಮ್ಯಾಟ್ ಕತ್ತರಿಸಿ ಹಾಸಿದರೆ ಸಾಕು, ನಡುವೆ ಒಂದಡಿಯೂ ಬರಿ ನೆಲ ಬಿಡಬೇಡಿ. ಜಾರುವುದು ಆ ಒಂದಡಿಯಲ್ಲೇ. ನೀರಿನ ಬಟ್ಟಲಿನ ಕೆಳಗೂ ಮ್ಯಾಟ್ ಇರಲಿ. ನಡಿಗೆ ಕಡಿಮೆಯಾದ ನಾಯಿಯ ಉಗುರು ಸವೆಯುವುದಿಲ್ಲ, ಉದ್ದ ಉಗುರು ನೆಲಕ್ಕೆ ತಾಗಿ ಪಾದ ಹಿಂದಕ್ಕೆ ವಾಲಿ ಹಿಡಿತ ತಪ್ಪುತ್ತದೆ. ಎರಡು ವಾರಕ್ಕೊಮ್ಮೆ ತುದಿ ಎರಡು ಮಿ.ಮೀ. ಮಾತ್ರ ಕತ್ತರಿಸಿ, ಕಪ್ಪು ಉಗುರಲ್ಲಿ ಕತ್ತರಿಸಿದ ಜಾಗದ ನಡುವೆ ಗಾಢ ಚುಕ್ಕಿ ಕಂಡರೆ ಅಲ್ಲಿಗೆ ನಿಲ್ಲಿಸಿ, ಅದರ ಹಿಂದೆ ರಕ್ತನಾಳ. ರಕ್ತ ಬಂದರೆ ಜೋಳದ ಹಿಟ್ಟು, ಅಂದರೆ ಕಾರ್ನ್‌ಫ್ಲೋರ್, ಒತ್ತಿ ಹಿಡಿಯಿರಿ. ಪ್ಲೇಟ್‌ಲೆಟ್ ಏರುವವರೆಗೆ ಉಗುರನ್ನು ಕತ್ತರಿಸುವ ಬದಲು ಉಜ್ಜುವುದೇ ಕ್ಷೇಮ. ಫಿನಾಯಿಲ್ ಹಾಕಿ ನೆಲ ಒರೆಸುವುದು ಬಿಡಿ, ಪಾದಕ್ಕೆ ಅಂಟಿ ಅವಳು ನೆಕ್ಕುತ್ತಾಳೆ.

ಮೆಟ್ಟಿಲಿಗೆ ಹಳೆಯ ಸ್ನಾನದ ಟವೆಲ್ಲನ್ನು ಉದ್ದಕ್ಕೆ ಮಡಿಸಿ ಹಿಂಗಾಲಿನ ಮುಂದೆ, ಹೊಟ್ಟೆಯಡಿ ಹಾಯಿಸಿ ಎರಡೂ ತುದಿ ಬೆನ್ನ ಮೇಲೆ ಹಿಡಿಯಿರಿ. ಎತ್ತಿ ಒಯ್ಯುವುದಲ್ಲ, ಭಾರ ಅರ್ಧ ನಿಮ್ಮ ಕೈಗೆ ಬಂದರೆ ಸಾಕು, ಕಾಲು ಅವಳೇ ಹಾಕಲಿ. ಬಳಸದ ಮಾಂಸಖಂಡ ಬೇಗ ಕರಗುತ್ತದೆ, ಆದ್ದರಿಂದ ದಿನಕ್ಕೆ ಒಂದು ದೊಡ್ಡ ವಾಕ್‌ಗಿಂತ ಹತ್ತು ನಿಮಿಷದ ಮೂರು ನಾಲ್ಕು ವಾಕ್ ಒಳ್ಳೆಯದು. ಹಾಸಿಗೆಗೆ ನಾಲ್ಕು ಇಂಚು ಗಟ್ಟಿ ಫೋಮ್, ಅದರ ಮೇಲೆ ರೆಕ್ಸಿನ್, ಅದರ ಮೇಲೆ ತೇವ ಹೀರುವ ಹತ್ತಿ ಬಟ್ಟೆ. ಒತ್ತಿ ನೋಡಿ, ಕೈ ನೆಲಕ್ಕೆ ತಾಗಿದರೆ ಆ ಫೋಮ್ ಪ್ರಯೋಜನವಿಲ್ಲ. ಡಿಸೆಂಬರ್, ಜನವರಿಯ ಚಳಿಗೆ ನೆಲದ ತಂಪು ಕೀಲಿಗೆ ಏರದಂತೆ ಕೆಳಗೆ ರಟ್ಟು ಹಾಕಿ. ಮಲಗಿದಲ್ಲೇ ಇರುವ ಕಾಲ ಬಂದರೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೊಣಕೈ ಮತ್ತು ಸೊಂಟದ ಮೂಳೆಯ ಮೇಲೆ ಕೂದಲು ಉದುರಿ ಚರ್ಮ ಕೆಂಪಾಗಿದೆಯೇ ದಿನಾ ನೋಡಿ.


ಯಲಹಂಕ ಪಶುವೈದ್ಯ

ರಾತ್ರಿ ಸುತ್ತುವುದನ್ನು "ವಯಸ್ಸಾಯಿತು, ಅರುಳುಮರುಳು" ಎಂದು ಬಿಡಬೇಡಿ. ಮೂತ್ರ ಒತ್ತಿರಬಹುದು, ನೋವಿರಬಹುದು, ಬಿಪಿ ಇರಬಹುದು, ಕಣ್ಣು ಮಂದವಾಗಿರಬಹುದು. ಇವೆಲ್ಲ ಸರಿಪಡಿಸಿದ ಮೇಲೂ ಮೂಲೆಯಲ್ಲಿ ನಿಲ್ಲುವುದು, ಬಾಗಿಲಿನ ಕೀಲಿನ ಕಡೆಯಿಂದ ಹೊರಗೆ ಹೋಗಲು ನೋಡುವುದು ಉಳಿದರೆ ಆಗ ಮೆದುಳಿನ ಸವೆತ ಎಂದು ಯೋಚಿಸಬೇಕು, ಅದಕ್ಕೆ ಸೆಲೆಜಿಲಿನ್ ಎಂಬ ಮಾತ್ರೆ ಇದೆ, ಬೆಳಿಗ್ಗೆ ಕೊಡುವುದು. ಅಷ್ಟರವರೆಗೆ ರಾತ್ರಿ ಒಂದು ಜೀರೋ ಬಲ್ಬ್ ಉರಿಯಲಿ, ಪೀಠೋಪಕರಣ ಜಾಗ ಬದಲಿಸಬೇಡಿ, ಮಲಗುವ ಮುಂಚೆ 10ರ ನಂತರ ಒಮ್ಮೆ ಮೂತ್ರಕ್ಕೆ ಇಳಿಸಿ. ರಾತ್ರಿ ಏಳುತ್ತಾಳೆ ಎಂದು ನೀರಿನ ಬಟ್ಟಲು ಎತ್ತಿಡಬೇಡಿ. ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಮೂತ್ರ ಹೋಗುತ್ತಿದೆ, ಅದಕ್ಕೇ ಬಾಯಾರಿಕೆ. ಒಂದು ರಾತ್ರಿ ನೀರು ತಪ್ಪಿಸಿದರೆ ಬೆಳಗ್ಗೆ ಕ್ರಿಯಾಟಿನಿನ್ ಏರಿರಬಹುದು.

ದೀಪಾವಳಿಗೆ: ಪಟಾಕಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹಿಡಿಯುವುದಿಲ್ಲ, ಸಂಜೆಯ ಗ್ಯಾಬಾಪೆಂಟಿನ್ ಅನ್ನು ಒಂದೂವರೆ ಎರಡು ಗಂಟೆ ಮುಂಚೆ ಕೊಡಿ. ಡೋಸ್ ಹೆಚ್ಚಿಸಬೇಕೇ ಎಂದು ಹಬ್ಬಕ್ಕೆ ವಾರದ ಮುಂಚೆ ಕೇಳಿ, ಒಂದು ದಿನ ಕೊಟ್ಟು ನೋಡಿ. ಅಸಿಪ್ರೊಮಜಿನ್ ಎಂಬ ಮಂಪರಿನ ಔಷಧಿ ಒಂದನ್ನೇ ಕೊಟ್ಟರೆ ನಾಯಿ ಅಲುಗಾಡದೆ ಮಲಗುತ್ತದೆ, ಆದರೆ ಭಯ ಒಳಗೇ ಇರುತ್ತದೆ, ಬಿಪಿಯೂ ಕುಸಿಯುತ್ತದೆ. ಕತ್ತಲಾಗುವ ಮುಂಚೆ ಮೂತ್ರ ಮುಗಿಸಿ, ಒಳಕೋಣೆಯಲ್ಲಿ ಫ್ಯಾನ್ ಮತ್ತು ಟಿವಿ ಹಾಕಿ ಜೊತೆಗೆ ಒಬ್ಬರು ಇರಿ.

ಉಣ್ಣೆ ಹುಳು (ಟಿಕ್) ತಡೆಯುವುದನ್ನು ಮರೆಯಬೇಡಿ. ಮತ್ತೊಮ್ಮೆ ಟಿಕ್ ಫೀವರ್ ಬಂದರೆ ಈ ಕಿಡ್ನಿ ತಾಳುವುದಿಲ್ಲ. ಉಣ್ಣೆ ತಡೆಯುವ ಮಾತ್ರೆ ಫ್ಲುರಾಲನರ್ ಆದರೆ 12 ವಾರಕ್ಕೊಂದು, ಇಲ್ಲವೇ ಅಫೊಕ್ಸೊಲನರ್ ಆದರೆ ತಿಂಗಳಿಗೊಂದು. ಫಿಟ್ಸ್ ಬಂದ ಇತಿಹಾಸ ಇದ್ದರೆ ಮೊದಲೇ ಹೇಳಿ. ಪಾರ್ಕಿಂಗ್ ಗೋಡೆಯ ಬಿರುಕುಗಳಲ್ಲಿ ಉಣ್ಣೆ ಮೊಟ್ಟೆ ಇಡುತ್ತದೆ, ಅದನ್ನು ಸಿಮೆಂಟ್ ಹಾಕಿ ಮುಚ್ಚಿಸಿ.

24 ಗಂಟೆ ಏನೂ ತಿನ್ನದಿದ್ದರೆ, ಒಸಡು ಬಿಳಿಚಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ನಿಂತರೆ, ಬೆಳಗಾಗುವವರೆಗೆ ಕಾಯಬೇಡಿ.


ಹಸಿರುಕೊಂಬೆ

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಆ ಹೊತ್ತಿನಲ್ಲಿ ಯೋಚಿಸಲು ಮನಸ್ಸು ಬರುವುದಿಲ್ಲ. ಈಗಲೇ ಒಂದು ಗೋಡೆ ಕ್ಯಾಲೆಂಡರ್ ಇಡಿ. ಕೆಂಚಿಗೆ ತೀರಾ ಇಷ್ಟವಾದ ನಾಲ್ಕು ಸಂಗತಿ ಬರೆದುಕೊಳ್ಳಿ: ಊಟಕ್ಕೆ ತಾನೇ ಏಳುವುದು, ಗೇಟಿನ ಸದ್ದಿಗೆ ಕಿವಿ ನಿಮಿರಿಸುವುದು, ಹೀಗೆ. ಎರಡಾದರೂ ಆದ ದಿನಕ್ಕೆ ಟಿಕ್, ಇಲ್ಲದ ದಿನಕ್ಕೆ ಅಡ್ಡಗೆರೆ. ವಾರದಲ್ಲಿ ಅಡ್ಡಗೆರೆಗಳೇ ಹೆಚ್ಚಾಗುತ್ತಾ ಹೋದರೆ ವೈದ್ಯರ ಜೊತೆ ದಯಾಮರಣದ ಮಾತು ಆಡುವ ಸಮಯ. ದಿನಾ ನೋಡುವ ಕಣ್ಣಿಗೆ ಇಳಿತ ಕಾಣುವುದಿಲ್ಲ, ಕ್ಯಾಲೆಂಡರಿನಲ್ಲಿ ಕಾಣುತ್ತದೆ. ಮನೆಗೇ ಬರುವ ವೈದ್ಯರಿದ್ದಾರೆ. ಮೊದಲು ಮಂಪರಿನ ಇಂಜೆಕ್ಷನ್ ಕೊಟ್ಟು, ನಿದ್ದೆ ಹತ್ತಿದ ಮೇಲೆ ಮಾತ್ರ ಕೊನೆಯದನ್ನು ಕೊಡುವವರನ್ನೇ ಕೇಳಿ ಗೊತ್ತುಮಾಡಿಕೊಳ್ಳಿ. ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರ ಇದೆ.


ಕೆಂಚಿ ಮನೆಯವರು (ವಿದ್ಯಾರಣ್ಯಪುರ)

ಎಲ್ಲ ಬರೆದುಕೊಂಡಿದ್ದೇನೆ. ಒಂದು ಸಂದೇಹ: ಡ್ರಿಪ್ ಮೊದಲು ಚೆನ್ನಾಗಿ ಇಳಿದು, ನೂರು ಮಿ.ಲೀ. ಆದ ಮೇಲೆ ತಾನೇ ನಿಂತುಹೋಯಿತು. ಸೂಜಿ ತಿರುಗಿಸಿದರೂ ಇಳಿಯಲಿಲ್ಲ. ಬಾಟಲಿಯ ಹೊಟ್ಟೆ ಒಳಕ್ಕೆ ಸೇದಿಕೊಂಡಂತಿದೆ. ಮಾತ್ರೆಯನ್ನೂ ಉಗುಳುತ್ತಾಳೆ.


ನಾಗರಬಾವಿ 18

ಸೂಜಿಯ ತಪ್ಪಲ್ಲ, ಬಾಟಲಿಗೆ ಗಾಳಿ ಹೋಗುತ್ತಿಲ್ಲ. ನೀರು ಇಳಿದಷ್ಟು ಗಾಳಿ ಒಳಗೆ ಬರಬೇಕು. ನಿಮ್ಮ ಐವಿ ಸೆಟ್‌ನ ಚೇಂಬರ್ ಪಕ್ಕದಲ್ಲಿ ಪುಟ್ಟ ಮುಚ್ಚಳದ ಕಿಂಡಿ ಇದ್ದರೆ ಅದನ್ನು ತೆರೆಯಿರಿ. ಇಲ್ಲವಾದರೆ, ತೂಗುಹಾಕಿದಾಗ ಮೇಲೆ ಬರುವ ಬಾಟಲಿಯ ತಳಕ್ಕೆ, ನೀರಿನ ಮಟ್ಟಕ್ಕಿಂತ ಮೇಲೆ, ಸ್ಪಿರಿಟ್‌ನಲ್ಲಿ ಒರೆಸಿ ಹೊಸ ಸೂಜಿಯೊಂದನ್ನು ಚುಚ್ಚಿ ಬಿಡಿ, ಮತ್ತೆ ಹರಿಯುತ್ತದೆ. ಹಾಗೆ ಚುಚ್ಚಿದ ಬಾಟಲಿಯನ್ನು ಮುಂದಿನ ಸರದಿಗೆ ಎತ್ತಿಡಬೇಡಿ, ಉಳಿದದ್ದು ಚೆಲ್ಲಿ. ಮುಂದಿನ ಸಲ ಅಂಗಡಿಯಲ್ಲಿ ಏರ್ ವೆಂಟ್ ಇರುವ ಸೆಟ್ ಎಂದೇ ಕೇಳಿ.

ಮಾತ್ರೆಗೆ ಬಿಸಿ ಇಡ್ಲಿಯ ಮೂರು ಸಣ್ಣ ಉಂಡೆ ಮಾಡಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಅದು ಬಾಯಲ್ಲಿರುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ. ಅದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾಳೆ. ಡಾಕ್ಸಿಸೈಕ್ಲಿನ್ ಆದರೆ ಹಿಂದೆಯೇ ಸಿರಿಂಜಿನಲ್ಲಿ 10 ಮಿ.ಲೀ. ನೀರು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಹಾಕಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ರಂಜಕ ಹಿಡಿಯುವ ಔಷಧಿ ಮತ್ತು ಡಾಕ್ಸಿ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಲಿ.